ಆತ್ರಿ ಅಂದರೆ ಆಗಿಲ್ಲ

ನಾನು ಇಷ್ಟು ವರ್ಷ ಮಾಡಿದ ಕೆಲಸ ಏನೆಂದು ಮೊಮ್ಮಗಳಿಗೆ ವಿವರಿಸಲು ಹೋಗಿ ಸೋತಿದ್ದೇನೆ. "ಅಜ್ಜೀ, ನೀ ಏನ ಮಾಡ್ತಿದ್ದಿ?" ಎಂದು ಕೇಳಿದಳು. "ಮಂದೀ ಹೊಲದಾಗಿನ ಮೋಟರಿಗೆ ಮನ್ಯಾಗ ಕುಂತ ಕೀಲಿ ಹಾಕಸ್ತಿದ್ನಿ" ಅಂದೆ. "ಸುಳ್ಳ ಹೇಳ್ತಿ" ಎಂದು ನಕ್ಕು ಓಡಿಹೋದಳು. ಅವಳ ತಪ್ಪಲ್ಲ. ಹೊಸದಾಗಿ ಸೇರುವ ಹುಡುಗಿಯರಿಗೂ ಈ ಕೆಲಸ ಮೊದಲ ತಿಂಗಳು ಸುಳ್ಳಿನ ಹಾಗೇ ಕಾಣುತ್ತದೆ. ಅವರಿಗಾಗಿ ನಾಲ್ಕು ಹಾಳೆ ಬರೆದುಕೊಡಿ ಎಂದು ಈಗ ನನ್ನ ಜಾಗದಲ್ಲಿ ಕುಳಿತವರು ಬೆನ್ನು ಹತ್ತಿದ್ದಾರೆ. ಬರೆಯುತ್ತೇನೆ. ಆದರೆ ನನ್ನ ಬಾಯಿ ಮೊದಲಿನಿಂದಲೂ ಜೋರು, ಬರೆಯುವ ಕೈಯೂ ಹಾಗೇ ಇರುತ್ತದೆ, ಸಹಿಸಿಕೊಳ್ಳಬೇಕು.

ನಮ್ಮದು ಬೈಲಹೊಂಗಲದ ಒಂದು ಸಣ್ಣ ಕಂಪನಿ. ರೈತರ ಪಂಪ್‌ಸೆಟ್ಟಿಗೆ ಮೊಬೈಲ್ ಸ್ಟಾರ್ಟರ್ ಕೂರಿಸುವುದು, ಕೆಟ್ಟರೆ ರಿಪೇರಿ ಮಾಡುವುದು ನಮ್ಮ ಕಸುಬು. ಮೊಬೈಲ್ ಸ್ಟಾರ್ಟರ್ ಎಂದರೆ ಮೋಟರಿನ ಹತ್ತಿರ ಗೋಡೆಗೆ ಬಡಿಯುವ ಒಂದು ಪೆಟ್ಟಿಗೆ. ಅದರೊಳಗೊಂದು ಸಿಮ್ಮು. ರೈತ ಮನೆಯಲ್ಲಿ ಕುಳಿತು ಫೋನು ಒತ್ತಿದರೆ ಹೊಲದಲ್ಲಿ ಮೋಟರು ತಿರುಗುತ್ತದೆ. ಆಟೋ ಇಟ್ಟರೆ ಒತ್ತುವುದೂ ಬೇಡ, ತ್ರೀಫೇಸ್ ಕರೆಂಟು ಬಂದ ಕೂಡಲೇ ತಾನೇ ಶುರುವಾಗುತ್ತದೆ. ಹಾಗಾಗಿ ಮೆಕ್ಯಾನಿಕ್ ಮೋಟರು ಬಿಚ್ಚುವ ಮುಂಚೆ ನಮ್ಮ ಹೆಣ್ಣುಮಕ್ಕಳು ಕಂಪ್ಯೂಟರಿನಿಂದ ಆ ಪೆಟ್ಟಿಗೆಗೆ ಲಾಕ್ ಹಾಕಬೇಕು. ಲಾಕ್ ಬಿದ್ದ ಮೇಲೆ ಯಾರು ಒತ್ತಿದರೂ, ಕರೆಂಟು ಬಂದರೂ, ಮೋಟರು ಅಲ್ಲಾಡುವುದಿಲ್ಲ. ಈ ಲಾಕಿನ ಸಂಗತಿ ನೆನಪಿಟ್ಟುಕೊಳ್ಳಿ.

ಮೊದಲು ನಾವೆಲ್ಲ ಒಂದೇ ಕೋಣೆಯಲ್ಲಿ ಕೂರುತ್ತಿದ್ದೆವು. ಕೆಳಗೆ ಗೊಬ್ಬರದ ಅಂಗಡಿ, ಮೇಲೆ ನಾವು. ಕೊರೋನಾ ಬೇನೆಯ ವರ್ಷ ಬಂದು ಎಲ್ಲರೂ ಮನೆ ಸೇರಿದ ಮೇಲೆ ಸಾವಕಾರರು, ಅಂದರೆ ನಮ್ಮ ಮಾಲೀಕರು, ಆ ಕೋಣೆಯನ್ನು ಬಿಟ್ಟೇ ಬಿಟ್ಟರು. "ಅಕ್ಕಾರ, ಇನ್ನ ಮ್ಯಾಲ ಎಲ್ಲಾರೂ ತಮ್ಮ ತಮ್ಮ ಮನ್ಯಾಗ. ನೀವ ನೋಡ್ಕೋರಿ" ಅಂದರು. ನೋಡಿಕೊಳ್ಳುವುದು ಎಂಥದ್ದು? ಕಿತ್ತೂರು, ಸವದತ್ತಿ, ಮುನವಳ್ಳಿ, ರಾಮದುರ್ಗ ಎಂದು ಚದುರಿ ಹೋದ ಹತ್ತು ಜನರನ್ನು ನಾನು ಬೈಲಹೊಂಗಲದ ಅಡುಗೆಮನೆಯ ಪಕ್ಕದಿಂದ ನೋಡಿಕೊಳ್ಳಬೇಕಿತ್ತು. ಕಣ್ಣಿಗೆ ಕಾಣದವರನ್ನು ನೋಡಿಕೊಳ್ಳುವ ವಿದ್ಯೆ ನನಗೆ ಯಾರೂ ಕಲಿಸಿರಲಿಲ್ಲ.

ಗೊತ್ತಿಲ್ಲದವರು ಮಾಡುವುದನ್ನೇ ನಾನೂ ಮಾಡಿದೆ, ಕಾವಲು ಶುರು ಮಾಡಿದೆ. ದಿನಾ ಮುಂಜಾನೆ ವಿಡಿಯೋ ಮೀಟಿಂಗು. ಎಲ್ಲರ ಮುಖ ಕಾಣಬೇಕು, ಹಿಂದೆ ಬರೀ ಗೋಡೆ ಇರಬೇಕು, ಮನೆಯ ಸದ್ದು ಕೇಳಬಾರದು. ಕುಕ್ಕರು ಸೀಟಿ ಹೊಡೆದರೆ ಯಾರ ಮನೆಯದೆಂದು ಹುಡುಕುತ್ತಿದ್ದೆ. ಒಂದು ದಿನ ಮೀಟಿಂಗಿನ ನಡುವೆ ಮಿಕ್ಸಿ ಗರ್ರ್ ಎನ್ನತೊಡಗಿತು. "ಯಾರವಾ ಅದು, ಆಫೀಸೋ ಖಾರಾ ಕುಟ್ಟೂ ಗಿರಣಿಯೋ?" ಎಂದು ಒದರಾಡಿದೆ. ಕಡೆಗೆ ಕಿತ್ತೂರಿನ ಮೆಕ್ಯಾನಿಕ್ ಈರಣ್ಣ ಮೆಲ್ಲಗೆ, "ಅಕ್ಕಾರ, ಸಿಟ್ಟ ಆಗಬ್ಯಾಡ್ರಿ, ನಿಮ್ಮ ಸೊಸಿ ಚಟ್ನಿ ರುಬ್ಬಾಕತ್ತಾರ" ಅಂದ. ಹಿಂದಿರುಗಿ ನೋಡಿದರೆ ಹೌದು. ಸೊಸೆ ಮಿಕ್ಸಿಯ ಮುಚ್ಚಳ ಒತ್ತಿ ಹಿಡಿದು ನನ್ನನ್ನೇ ಗಾಬರಿಯಿಂದ ನೋಡುತ್ತಿದ್ದಳು. ಹತ್ತೂ ಜನ ಬಾಯಿಗೆ ಸೆರಗು, ಟವೆಲು ಒತ್ತಿಕೊಂಡು ನಕ್ಕರು. ನನಗೂ ನಗು ಬಂತು, ಆದರೆ ತೋರಿಸಿಕೊಳ್ಳಲಿಲ್ಲ. ಆಗ ನಾನು ಅಷ್ಟು ಮೂರ್ಖಳಾಗಿದ್ದೆ.

ಈ ಈರಣ್ಣನ ಬಗ್ಗೆ ಎರಡು ಮಾತು ಹೇಳಬೇಕು. ನಮ್ಮಲ್ಲಿ ಎಲ್ಲರಿಗಿಂತ ಹಿರಿಯ ಮೆಕ್ಯಾನಿಕ್. ಮೆಸೇಜು ಬರೆಯಲು ಒಲ್ಲೆ ಅನ್ನುತ್ತಿದ್ದ. ಹೊಲ ಮುಟ್ಟಿದರೆ ಒಂದು ಮಿಸ್ ಕಾಲು, ಕೆಲಸ ಮುಗಿದರೆ ಎರಡು, ತೊಂದರೆಯಾದರೆ ಮೂರು. ಅದಕ್ಕಿಂತ ದೊಡ್ಡ ಚಾಳಿ ಇನ್ನೊಂದಿತ್ತು. ನಮ್ಮವರು ಲಾಕ್ ಹಾಕಿದ್ದೇವೆ ಎಂದರೂ ಅವನು ನಂಬುತ್ತಿರಲಿಲ್ಲ. ಮೋಟರು ಬಿಚ್ಚುವ ಮುಂಚೆ ಕರೆಂಟು ಹರಿಯದಂತೆ ಮೂರೂ ಫೀಜು, ಅಂದರೆ ಫ್ಯೂಸು, ಕಿತ್ತು ಅಂಗಿಯ ಕಿಸೆಗೆ ಹಾಕಿಕೊಳ್ಳುತ್ತಿದ್ದ. ಒಮ್ಮೆ ಹಾಗೇ ಮರೆತು ಕಿಸೆಯಲ್ಲಿಟ್ಟುಕೊಂಡು ಮನೆಗೆ ಬಂದು, ರೈತನಿಂದ ನನಗೆ ಬೈಗುಳ ಕೇಳಿಸಿದ್ದ. "ಲಾಕ್ ಅದ ಅಂದ ಮ್ಯಾಲ ಫೀಜ್ ಯಾಕ ಕೀಳತೀಯೋ ಮಾರಾಯಾ?" ಎಂದು ಎಲ್ಲರ ಮುಂದೆ ಝಾಡಿಸಿದೆ.

"ಅಕ್ಕಾರ, ಲಾಕ್ ನಿಮ್ಮ ಕಂಪ್ಯೂಟರನ್ಯಾಗ ಇರತೈತಿ. ಫೀಜ್ ನನ್ನ ಕಿಸೇದಾಗ ಇರತೈತಿ" ಅಂದ.

ಹಳೇ ಕಾಲದವನು ಎಂದು ನಾನು ನಕ್ಕುಬಿಟ್ಟೆ. ಉಳಿದ ಮೆಕ್ಯಾನಿಕರು ನನ್ನ ನಗು ನೋಡಿದರು. ಫೀಜು ಕೀಳುವವರೂ ಕೀಳುವುದನ್ನು ಬಿಟ್ಟರು. ಇದು ನಾನು ಮಾಡಿದ ಮೊದಲ ತಪ್ಪು.

ಎರಡನೆಯದು ಇದಕ್ಕಿಂತ ದೊಡ್ಡದು. ಸಾವಕಾರರು ಹುಬ್ಬಳ್ಳಿಯಲ್ಲಿ ಯಾವುದೋ ಎರಡು ದಿನದ ತರಬೇತಿಗೆ ಹೋಗಿ ಬಂದು ಫೋನು ಮಾಡಿದರು. "ಅಕ್ಕಾರ, ದೂರ ದೂರ ಕುಂತ ಕೆಲಸಾ ಮಾಡೂ ಮಂದಿಗೆ ಕಲ್ಚರ್ ಬೇಕಂತ್ರಿ. ನಮ್ಮ ಕಂಪನಿಗೂ ಒಂದ ಕಲ್ಚರ್ ಕಟ್ಟರಿ."

ಸಾಲಿಯ ಗ್ಯಾದರಿಂಗಿನಂಥ ಹಾಡು ಕುಣಿತ ಇರಬೇಕು ಎಂದುಕೊಂಡೆ. "ಡಾನ್ಸ್ ಮಾಡಾವ್ರ ಯಾರ್ರಿ ಸಾವಕಾರ್ರ? ಈರಣ್ಣಗ ಮೊಣಕಾಲ ಬ್ಯಾನಿ ಐತಿ" ಅಂದೆ.

"ಅಯ್ಯ, ಡಾನ್ಸ್ ಅಲ್ರಿ! ನಮ್ಮ ರೀತಿ, ರಿವಾಜು. ಒಬ್ಬರ ಕೇಳಿದ್ರ ಇನ್ನೊಬ್ಬರ ತಟ್ನ ಓ ಅನ್ಬೇಕು. ಅಂಥಾದ್ದು."

ತಟ್ಟನೆ ಓ ಅನ್ನುವುದು ನನಗೆ ಬಲು ಹಿಡಿಸಿತು. ಅಂದೇ ಗ್ರೂಪಿನಲ್ಲಿ ಹುಕುಂ ಹೊರಡಿಸಿದೆ. ಯಾರೇ ಏನೇ ಹೇಳಲಿ, ಐದು ನಿಮಿಷದೊಳಗೆ "ಆತ್ರಿ" ಎಂದು ಉತ್ತರ ಬರಬೇಕು. ಬರದಿದ್ದರೆ ನಾನೇ ಫೋನು ಮಾಡುತ್ತೇನೆ. ನಾನು ಫೋನು ಮಾಡುವುದೆಂದರೆ ಏನೆಂದು ಎಲ್ಲರಿಗೂ ಗೊತ್ತಿತ್ತು. ಒಂದು ವಾರದಲ್ಲಿ ಗ್ರೂಪಿನ ತುಂಬ ಆತ್ರಿ, ಆತ್ರಿ, ಆತ್ರಿ. ಸಾವಕಾರರಿಗೆ ಖುಷಿಯೋ ಖುಷಿ. ನಾನೂ ಉಬ್ಬಿಹೋದೆ. ಕಲ್ಚರು ಕಟ್ಟಿಬಿಟ್ಟೆ ಎಂದುಕೊಂಡೆ.

ನಮ್ಮ ಕಡೆಯವರಿಗೆ ಹೇಳಬೇಕಿಲ್ಲ, ಹೊರಗಿನವರಿಗಾಗಿ ಹೇಳುತ್ತೇನೆ. "ಆತ್ರಿ" ಎಂಬುದಕ್ಕೆ ಕೆಲಸ ಮುಗಿಯಿತು ಎಂಬ ಅರ್ಥವಿದೆ. ಆಗಲಿ, ಮಾಡುತ್ತೇನೆ ಎಂಬ ಅರ್ಥವೂ ಇದೆ. ಕೇಳಿಸಿತು, ಫೋನಿಡಿ ಎಂಬ ಅರ್ಥವೂ ಇದೆ. ಎದುರಿಗೆ ನಿಂತಾಗ ಮುಖ ನೋಡಿ ಯಾವ ಆತ್ರಿ ಎಂದು ತಿಳಿಯುತ್ತೇವೆ. ಫೋನಿನೊಳಗೆ ಬರೆದ ಆತ್ರಿಗೆ ಮುಖ ಎಲ್ಲಿಂದ ಬರಬೇಕು? ಹುಟ್ಟಿದಾಗಿನಿಂದ ಆಡಿದ ಮಾತು, ನನಗೆ ಇಷ್ಟು ಹೊಳೆಯಲಿಲ್ಲ.

ಒಂದು ಮಧ್ಯಾಹ್ನ ಮುನವಳ್ಳಿಯ ನಮ್ಮ ಮೆಕ್ಯಾನಿಕ್ ದಸ್ತಗೀರ ಊರ ಹೊರಗಿನ ಒಂದು ಬಾವಿಯ ಮೋಟರು ನೋಡಲು ಹೋಗಿದ್ದ. ಮೋಟರಿನ ಹಿಂದಿನ ಫ್ಯಾನು ಕವರಿಗೆ ತಿಕ್ಕುತ್ತಿತ್ತು. ತ್ರೀಫೇಸ್ ಕರೆಂಟು ಇರಲಿಲ್ಲ, ಬಂದ ಕೂಡಲೇ ತಾನೇ ಶುರುವಾಗುವಂತೆ ಪೆಟ್ಟಿಗೆಯಲ್ಲಿ ಆಟೋ ಇಟ್ಟಿತ್ತು. ದಸ್ತಗೀರ ರಾಮದುರ್ಗದ ಸವಿತಾಗೆ ಫೋನಿನಲ್ಲಿ ಧ್ವನಿ ಮೆಸೇಜು ಕಳಿಸಿದ. ಸವಿತಾ ನಮ್ಮಲ್ಲಿ ಲಾಕಿನ ಕೆಲಸ ನೋಡುತ್ತಿದ್ದವಳು. "ಸವಿತಕ್ಕಾ, ಈ ಪೆಟ್ಟಗಿಗೆ ಲಾಕ್ ಹಾಕ್ರಿ." ತಕ್ಷಣ ಉತ್ತರ ಬಂತು: "ಆತ್ರಿ."

ಸವಿತಾ ಹೇಳಿದ್ದು, ಆಗಲಿ ಹಾಕುತ್ತೇನೆ ಎಂದು. ಅವಳ ಕಂಪ್ಯೂಟರಿನಲ್ಲಿ ನೆಟ್‌ವರ್ಕು ಗಿರಗಿರ ತಿರುಗುತ್ತಲೇ ಇತ್ತು. ದಸ್ತಗೀರ ತಿಳಿದುಕೊಂಡದ್ದು, ಲಾಕ್ ಬಿತ್ತು ಎಂದು. ಫೀಜು ಕೀಳಲಿಲ್ಲ. ಕವರು ಬಿಚ್ಚಿದ, ಅರಿವೆ ಹಿಡಿದು ಫ್ಯಾನಿನ ಎಲೆಗಳ ನಡುವೆ ಬಲಗೈ ಹಾಕಿ ಮಣ್ಣು ಒರೆಸತೊಡಗಿದ.

ಆ ಹೊಲದ ಒಡತಿ ಗುಡಿಸಲಿನ ಮುಂದೆ ಬುತ್ತಿ ಬಿಚ್ಚುತ್ತಿದ್ದಳು. "ಅಣ್ಣಾರ, ಊಟಾ ಆತೇನ್ರಿ?" ಎಂದು ಕೇಳಿದಳು.

"ಆತ್ರಿ" ಅಂದ ದಸ್ತಗೀರ. ಮುಂಜಾನೆ ಒಂದು ಕಪ್ ಚಹಾ ಕುಡಿದದ್ದು ಬಿಟ್ಟರೆ ಅವನ ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಆದರೆ ಕೇಳಿದ ಕೂಡಲೇ ಇಲ್ಲ ಅನ್ನುವುದು ನಮ್ಮಲ್ಲಿ ರೀತಿಯಲ್ಲ.

"ಖರೇನ ಆಗೇತೇನ್ರಿ?"

"ಖರೇನ ಆಗೇತ್ರಿ ಅವ್ವಾರ, ಕೆಲಸಾ ಮುಗಸ್ತೇನಿ."

ಆಕೆ ಎದ್ದು ಬಂದು ಅವನ ಮುಖ ನೋಡುತ್ತ ಎದುರು ನಿಂತಳಂತೆ. "ಬಾಯಿ ಆತ್ರಿ ಅಂತೈತಿ, ಮಾರಿ ಆಗಿಲ್ಲ ಅಂತೈತಿ. ಏಳ್ರಿ ಮ್ಯಾಲ. ಮೂರ ಸಲ ಕರದ್ರೂ ಏಳಲಿಲ್ಲಂದ್ರ ರೊಟ್ಟಿಗೆ ಅವಮಾನ ಮಾಡಿಧಂಗ." ದಸ್ತಗೀರ ನಾಚಿಕೊಂಡು ಅರಿವೆಯನ್ನು ಫ್ಯಾನಿನ ಮೇಲೇ ಬಿಟ್ಟು ಎದ್ದ. ತೊಟ್ಟಿಯ ಹತ್ತಿರ ಹೋಗಿ ಕೈಗೆ ನೀರು ಹಾಕಿಕೊಳ್ಳುತ್ತಿದ್ದ. ಅಷ್ಟರಲ್ಲಿ ತ್ರೀಫೇಸ್ ಬಂತು. ಮೋಟರು ತಿರುಗಿತು. ಅರಿವೆ ಚೂರು ಚೂರಾಗಿ ಬಾವಿಯ ಕಟ್ಟೆಯ ಮೇಲೆಲ್ಲ ಹಾರಿ ಬಿತ್ತು.

ದಸ್ತಗೀರ ನನಗೆ ಫೋನು ಮಾಡಿದ. "ಅಕ್ಕಾರ, ಕೈ ಅದಾವ್ರಿ."

"ಏನಂತೀಯೋ?"

"ಎರಡೂ ಅದಾವ್ರಿ, ಅಕ್ಕಾರ" ಎಂದು ಅಳತೊಡಗಿದ.

ನಡೆದದ್ದನ್ನೆಲ್ಲ ಬಿಡಿಸಿ ಹೇಳಿಸಿಕೊಂಡೆ. ದೇವರೇ, ಪುಣ್ಯಾತಗಿತ್ತಿ, ರೊಟ್ಟಿ, ಏನೇನೋ ಬಾಯಿಗೆ ಬಂತು. "ಮೊದಲ ಊಟಾ ಮಾಡೋ ತಮ್ಮಾ, ಆಕಿ ಎಷ್ಟ ನೀಡತಾಳ ಅಷ್ಟೂ ತಿನ್ನು" ಅಂದೆ. ಅಂಥ ಸಮಾಧಾನ ನನ್ನ ಜೀವಮಾನದಲ್ಲಿ ಮತ್ತೆ ಬಂದಿಲ್ಲ. ಆದರೆ ಅದು ಸಂಜೆಯವರೆಗೂ ಉಳಿಯಲಿಲ್ಲ.

ಸಂಜೆ ಸಾವಕಾರರ ಫೋನು. ಅವರು ಸಿಟ್ಟಾಗುವುದು ಅಪರೂಪ, ಅಂದು ಕೆಂಡವಾಗಿದ್ದರು. "ಲಾಕ್ ಹಾಕದ ಆತ್ರಿ ಅಂತಾಳಲ್ರಿ! ಅವನ ಕೈ ಹೋಗಿದ್ರ? ಅವನ ಹೆಂಡ್ರ ಮಕ್ಕಳ ಮುಂದ ನಾ ಹೆಂಗ ನಿಂದರಲಿ? ಸವಿತಾನ್ನ ನಾಳಿಂದ ಬ್ಯಾಡ ಅಂತ ಹೇಳ್ರಿ."

"ಆತ್ರಿ" ಅಂದೆ ನಾನು.

ಅಂದು ಅಡುಗೆಮನೆಯ ಪಕ್ಕದ ಕುರ್ಚಿಯಲ್ಲಿ ಬಹಳ ಹೊತ್ತು ಕುಳಿತೆ. ಐದು ನಿಮಿಷದಲ್ಲಿ ಆತ್ರಿ ಅನ್ನಿ ಎಂದವಳು ನಾನು. ಫೀಜು ಕೀಳುವವನನ್ನು ನೋಡಿ ನಕ್ಕವಳೂ ನಾನೇ. ಇದನ್ನು ಸಾವಕಾರರಿಗೆ ಅಲ್ಲೇ ಹೇಳಬಹುದಿತ್ತು, ಹೇಳಲಿಲ್ಲ. ಯಾಕೆ? ಹೆದರಿದೆ. ನಿವೃತ್ತಿಗೆ ನಾಲ್ಕು ವರ್ಷವಿತ್ತು, ಎಲ್ಲರ ಬಾಯಲ್ಲಿ ಅಕ್ಕಾರು ಅಕ್ಕಾರು ಎಂದು ಹೆಸರಿತ್ತು. ಸವಿತಾ ದೂರದ ರಾಮದುರ್ಗದಲ್ಲಿದ್ದಳು, ಕಣ್ಣಿಗೆ ಕಾಣುತ್ತಿರಲಿಲ್ಲ. ಕಾಣದವರ ಮೇಲೆ ತಪ್ಪು ಹೊರಿಸುವುದು ಎಷ್ಟು ಸಲೀಸು ಎಂದು ಅಂದು ತಿಳಿಯಿತು. ಅವಳನ್ನು ಫೋನಿನಲ್ಲೇ ಕೆಲಸದಿಂದ ಬಿಡಿಸಲು ಮಾತ್ರ ಮನಸ್ಸು ಒಪ್ಪಲಿಲ್ಲ. ಬೆಳಿಗ್ಗೆ ಬಸ್ಸು ಹತ್ತಿದೆ, ಸವದತ್ತಿಯಲ್ಲಿ ಬದಲಿಸಿ ರಾಮದುರ್ಗಕ್ಕೆ ಹೋದೆ.

ಸವಿತಾಳನ್ನು ಅಷ್ಟು ತಿಂಗಳು ದಿನಾ ವಿಡಿಯೋದಲ್ಲಿ ನೋಡಿದ್ದೆ. ಅವಳ ಮನೆ ನೋಡಿದ್ದು ಅಂದೇ ಮೊದಲು. ಬರೀ ಗೋಡೆ ಕಾಣಬೇಕು ಎಂದಿದ್ದೆನಲ್ಲ, ಆ ಗೋಡೆಯ ಈಚೆ ಗಂಡನ ಮಗ್ಗವಿತ್ತು. ಅವಳ ಮೀಟಿಂಗು ಮುಗಿಯುವವರೆಗೆ ಅವನು ಮಗ್ಗ ನಿಲ್ಲಿಸಿ ಹೊರಗೆ ಕಟ್ಟೆಯ ಮೇಲೆ ಕೂರುತ್ತಿದ್ದನಂತೆ, ಸದ್ದು ಕೇಳಿದರೆ ಅಕ್ಕಾರು ಬೈಯುತ್ತಾರೆ ಎಂದು. ಫೋನನ್ನು ಕಿಟಕಿಯ ಸರಳಿಗೆ ದಾರದಿಂದ ಕಟ್ಟಿದ್ದಳು. ಅಲ್ಲಿ ಬಿಟ್ಟರೆ ಬೇರೆಲ್ಲೂ ರೇಂಜು ಸಿಗುತ್ತಿರಲಿಲ್ಲ.

ಬಾಗಿಲಲ್ಲಿ ನನ್ನನ್ನು ಕಂಡವಳೇ ಬಿಳಿಚಿಕೊಂಡಳು. "ಕೆಲಸಾ ಬಿಡ್ಸಾಕ ಬಂದೀರೇನ್ರಿ ಅಕ್ಕಾರ?"

ನಾನು ಚಪ್ಪಲಿ ಬಿಡುವಷ್ಟರಲ್ಲಿ ಅವಳೇ ಮಾತಾಡಿದಳು. "ನಾ ಲಾಕ್ ಹಾಕಾಕತ್ತಿದ್ನಿ, ಬೀಳವಲ್ದಾಗಿತ್ತು. ಲಾಕ್ ಬಿದ್ದ ಮ್ಯಾಲ ಹೇಳೂಣು ಅಂದ್ರ ಐದು ನಿಮಿಷ ದಾಟತಿತ್ತು. ನೀವ ಫೋನ್ ಮಾಡಿ ಬೈತೀರಿ ಅಂತ ಮೊದಲ ಆತ್ರಿ ಅಂದ್ನಿ. ರಾತ್ರೆಲ್ಲಾ ದಸ್ತಗೀರಣ್ಣನ ಕೈನ ಕಣ್ಣಿಗೆ ಕಟ್ಟಿಧಂಗಾಗೈತ್ರಿ. ನೀವ ಹೇಳಿಲ್ಲಂದ್ರೂ ನಾನ ಬಿಡ್ತೇನ್ರಿ." ಅಷ್ಟು ಹೇಳಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಆ ಮನೆ ಅವಳ ಪಗಾರದ ಮೇಲೆ ನಿಂತಿದೆ ಎಂಬುದು ಗೋಡೆ ಗೋಡೆಯಲ್ಲೂ ಕಾಣುತ್ತಿತ್ತು. ಆದರೂ ಅವಳು ನನ್ನನ್ನು ಒಂದು ಮಾತು ದೂರಲಿಲ್ಲ.

ಕಿಟಕಿಗೆ ಕಟ್ಟಿದ್ದ ಅವಳ ಫೋನಿನಿಂದಲೇ ಸಾವಕಾರರಿಗೆ ಹಚ್ಚಿದೆ. ನಿಂತೇ ಮಾತಾಡಬೇಕಿತ್ತು, ಸವಿತಾಗೂ ಅವಳ ಗಂಡನಿಗೂ ಎಲ್ಲವೂ ಕೇಳುತ್ತಿತ್ತು. ಕೇಳಲಿ ಎಂದೇ ಜೋರಾಗಿ ಹೇಳಿದೆ. "ಸಾವಕಾರ್ರ, ನಿನ್ನೆ ನಾ ಆತ್ರಿ ಅಂದ್ನಿ, ಅದು ಆಗಿಲ್ರಿ. ಆಗೂದೂ ಇಲ್ಲ. ಆತ್ರಿ ಅನ್ರಿ ಅಂತ ಅಂಜಿಸಿದಾಕಿ ನಾನು. ಫೀಜ್ ಕೀಳೂದನ್ನ ಬಿಡ್ಸಿದಾಕೀನೂ ನಾನು. ತಗೀಬೇಕಂದ್ರ ನನ್ನ ತಗೀರಿ."

ಲೈನು ಕಟ್ಟಾದೀತೆಂದು ಸರಳು ಹಿಡಿದು ತುದಿಗಾಲ ಮೇಲೆ ನಿಂತೆ. ಆಮೇಲೆ ಸಾವಕಾರರ ದನಿ ಬಂತು. "ಮುಂಜಾನೆದ್ದ ಕೂಡಲೇ ದಸ್ತಗೀರ ಫೋನ್ ಮಾಡಿದ್ದ. ಫೀಜ್ ಕೀಳದ್ದು ನಂದ ತಪ್ಪು, ಸವಿತಕ್ಕನ್ನ ತಗದ್ರ ನಾನೂ ಬರೂದಿಲ್ಲ ಅಂದ. ಈಗ ನೀವ ನಂದು ಅಂತೀರಿ. ಒಂದ ತಪ್ಪಿಗೆ ಇಷ್ಟ ಮಂದಿ ಗಿರಾಕಿ ಆದ್ರ ನಾ ಯಾರನ್ನಂತ ತಗೀಲ್ರಿ?"

"ಹಂಗಾರ ಸವಿತಾ...?"

"ಇರಲಿ ಬಿಡ್ರಿ. ಮದಲ ಆ ನಿಮ್ಮ ಕಲ್ಚರ್ ರಿಪೇರಿ ಮಾಡ್ರಿ."

ಸವಿತಾ ಮಗ್ಗದ ಕಂಬ ಹಿಡಿದು ನಿಂತಿದ್ದಳು. ಒಂದೇ ಸಮನೆ ಅತ್ತಳು, ನಡುವೆ ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡು ನಮ್ಮ ಕಡೆಯ ಹೆಣ್ಣುಮಗಳು ಕೇಳುವುದನ್ನೇ ಕೇಳಿದಳು. "ಊಟಾ ಆತೇನ್ರಿ ಅಕ್ಕಾರ?"

ಅಭ್ಯಾಸಬಲ, ಆತು ಅನ್ನಲು ಬಾಯಿ ತೆರೆದೆ. ತೆರೆದ ಬಾಯಿಯಲ್ಲೇ ತಡೆದೆ. "ಇಲ್ಲವಾ. ನಿನ್ನೆ ಸಂಜಿಂದ ಏನೂ ತಿಂದಿಲ್ಲ. ಹೊಟ್ಟಿ ಹಸದೈತಿ, ನೀಡು" ಅಂದೆ. ಮೂರು ರೊಟ್ಟಿ ತಿಂದೆ. ನಾನು ತಿನ್ನುತ್ತಿದ್ದಾಗ ಅವಳ ಗಂಡ ಹೋಗಿ ಮಗ್ಗದಲ್ಲಿ ಕುಳಿತ. "ಸದ್ದ ಆಗತೈತ್ರಿ, ನಡಿಯತೈತೇನ್ರಿ?" ಎಂದು ಕೇಳಿದ. ನಡೆಸು ತಮ್ಮಾ ಎಂದೆ.

ರಿಪೇರಿ ಹೀಗೆ ಮಾಡಿದೆವು. ಕೆಲಸದ ಗ್ರೂಪಿನಲ್ಲಿ ಆತ್ರಿ ಎಂಬ ಶಬ್ದವೇ ಬಂದ್. ಲಾಕ್ ಹಾಕುತ್ತಿದ್ದರೆ "ಹಾಕಾಕತ್ತೇನಿ", ಬಿದ್ದ ಮೇಲೆ "ಲಾಕ್ ಬಿದ್ದೈತಿ", ಬೀಳದಿದ್ದರೆ "ಆಗಿಲ್ಲ". ಮೆಕ್ಯಾನಿಕ್ ಮೂರು ಫೀಜು ಕಿತ್ತು ಅಂಗೈಯಲ್ಲಿಟ್ಟು ಫೋಟೋ ಕಳಿಸಬೇಕು, ಆಮೇಲೆ ಮೋಟರಿಗೆ ಕೈ. ಈ ನಿಯಮಕ್ಕೆ ಈರಣ್ಣನ ಕಿಸೆ ಎಂದು ಹೆಸರಿಟ್ಟೆವು. ಈರಣ್ಣನ ಮುಂದೆ, ಎಲ್ಲರೂ ಕೇಳುವಂತೆ, ನಾನು ತಪ್ಪಾಯಿತು ಅಂದೆ. "ಇರ್ಲಿ ಬಿಡ್ರಿ ಅಕ್ಕಾರ, ಮಿಕ್ಸಿ ದಿನಾನ ನಿಮ್ಮನ್ನ ಮಾಫ್ ಮಾಡೇನಿ" ಅಂದ ಪುಣ್ಯಾತ್ಮ. ಮುಂಜಾನೆಯ ಕಾವಲು ಮೀಟಿಂಗು ನಿಲ್ಲಿಸಿದೆ. ಬದಲಿಗೆ ತಿಂಗಳಿಗೊಮ್ಮೆ ಬುತ್ತಿ ಕಟ್ಟಿಕೊಂಡು ನವಿಲುತೀರ್ಥದ ಆಣೆಕಟ್ಟೆಯ ಹತ್ತಿರ ಎಲ್ಲರೂ ಸೇರಿ ಉಣ್ಣುವುದು ಇಟ್ಟುಕೊಂಡೆವು. ಒಬ್ಬರ ಮುಖ ಒಬ್ಬರು ಕಂಡರೆ ಬರಹದ ಹಿಂದಿನ ಮುಖವೂ ಅಷ್ಟಿಷ್ಟು ಕಾಣುತ್ತದೆ.

ಮೊದಲ ತಿಂಗಳು ಗ್ರೂಪಿನ ತುಂಬ "ಆಗಿಲ್ಲ, ಆಗಿಲ್ಲ." ಸಾವಕಾರರು ಗಾಬರಿಯಾಗಿ ಫೋನು ಮಾಡಿದರು. "ಏನ್ರಿ ಇದು, ಒಂದೂ ಆಗವಲ್ದು?" "ಮೊದಲೂ ಆಗತಿದ್ದಿಲ್ರಿ. ಈಗ ನಮಗ ಗೊತ್ತಾಗಾಕತ್ತೈತಿ ಅಷ್ಟ" ಅಂದೆ. ಹೊಸ ಹುಡುಗಿಯರಿಗೆ ನಾನು ಹೇಳುವುದು ಇಷ್ಟೇ. ನಿಮ್ಮ ಕೈಕೆಳಗಿನವರು ಹೆದರದೆ "ಆಗಿಲ್ಲ" ಅನ್ನುತ್ತಿದ್ದರೆ ನಿಮ್ಮ ಕಲ್ಚರು ಚೆನ್ನಾಗಿದೆ. ಬರೀ ಆತ್ರಿ ಬರುತ್ತಿದ್ದರೆ ಬಸ್ಸು ಹತ್ತಿ ಹೋಗಿ ಅವರ ಮನೆ ನೋಡಿ ಬನ್ನಿ.

ನನ್ನ ಜಾಗದಲ್ಲಿ ಈಗ ಕುಳಿತವಳು, ಈ ಹಾಳೆಗಳನ್ನು ಬರೆಸುತ್ತಿರುವವಳು, ಅದೇ ಸವಿತಾ. ಮುಗೀತೇನ್ರಿ ಎಂದು ದಿನಾ ಕೇಳುತ್ತಾಳೆ. ಆಗಿಲ್ಲ ಎಂದೇ ಬರೆಯುತ್ತೇನೆ.

ಕಳೆದ ವಾರ ನಮ್ಮ ಮನೆಯ ಬೋರಿನ ಪೆಟ್ಟಿಗೆ ಕೆಟ್ಟಿತು. ಮುನವಳ್ಳಿಯಿಂದ ದಸ್ತಗೀರನೇ ಬಂದ. ಮೊದಲು ಮೂರು ಫೀಜು ಕಿತ್ತು ನನಗೆ ತೋರಿಸಿ ಕಿಸೆಗೆ ಹಾಕಿಕೊಂಡ, ಆಮೇಲೆ ಕೆಲಸಕ್ಕೆ ಕೂತ. ಮುಗಿದ ಮೇಲೆ ಕೇಳಿದೆ. "ಊಟಾ ಆತೇನೋ ತಮ್ಮಾ?"

"ಇಲ್ರಿ ಅಕ್ಕಾರ, ಆಗಿಲ್ಲ" ಎಂದು ನಗುತ್ತ ಹಿತ್ತಲಲ್ಲಿ ಎರಡೂ ಕೈ ಮುಂದೆ ಚಾಚಿದ. ನಾನು ತಂಬಿಗೆ ಬಗ್ಗಿಸಿ ನೀರು ಹಾಕತೊಡಗಿದೆ. ಗ್ರೀಸು ತೊಳೆದುಹೋಯಿತು, ಕೈ ಸ್ವಚ್ಛವಾಯಿತು, ನಾನು ನೀರು ಹಾಕುತ್ತಲೇ ಇದ್ದೆ.

"ಸಾಕ್ರಿ ಅಕ್ಕಾರ, ತಂಬಗಿ ಖಾಲಿ ಆತು. ಏನ ನೋಡಾಕತ್ತೀರಿ?"

"ಏನಿಲ್ಲೋ, ಎಣಸಾಕತ್ತೇನಿ" ಅಂದೆ. "ಹತ್ತೂ ಅದಾವ. ಬಾ, ರೊಟ್ಟಿ ತಿನ್ನು."